ಒಂಬತ್ತನೇ ತಟ್ಟೆಯ ಸುಣ್ಣ

“ಆ ಬೋಳು ಪೆಟ್ಟಿಗೇಲಿ ಏನಮ್ಮಾ ಹುಡುಕ್ತಿದೀರಾ, ನಿಮ್ಮಪ್ಪನ ಜಾತಕಾನಾ?”

ರಮೇಶ್‌ಬಾಬು ಕುರ್ಚಿಯಲ್ಲಿ ಹಿಂದಕ್ಕೊರಗಿ ಕಾಲ ಮೇಲೆ ಕಾಲು ಹಾಕಿಕೊಂಡ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕೈಯಲ್ಲಿ ಹುರಿದ ಕಡಲೆಕಾಯಿ. ಹೆಣ ಬಿದ್ದಿದ್ದ ಕೋಣೆಯಲ್ಲಿ ಕೂತು ಕಡಲೆಕಾಯಿ ಸುಲಿಯುವಷ್ಟು ನಿಶ್ಚಿಂತೆ ಆ ಮನುಷ್ಯನಿಗಿತ್ತು. ಸಿಪ್ಪೆಯನ್ನು ಮಾತ್ರ ಬಲು ಶಿಸ್ತಾಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಯಾಮಿನಿ ಕಬ್ಬಿಣದ ಸ್ಟ್ಯಾಂಡಿನ ತುತ್ತತುದಿಯ ಸರ್ವರನ್ನು ಮೇಜಿನ ಡ್ರಾಯರಿನಂತೆ ಮುಂದಕ್ಕೆಳೆದು ಅದರ ಬೆನ್ನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಏನೂ ಹತ್ತಲಿಲ್ಲ. ತಲೆಯೆತ್ತಿ ನೋಡಿದಳು. ಮೇಲೆ ಹಳೆಯ ಚಾವಣಿ, ಹಪ್ಪಳದಂತೆ ಎದ್ದು ನಿಂತ ಸುಣ್ಣ.

ಇದೇ ಕೋಣೆಯಲ್ಲಿ ಕಳೆದ ವಾರ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದ ಗಂಗಾಧರ ಉಸಿರುಗಟ್ಟಿ ಸತ್ತಿದ್ದ. ಬೆಂಕಿ ಆರಿಸಲೆಂದು ಇಟ್ಟಿದ್ದ ಅನಿಲ ಬೆಂಕಿಯೇ ಇಲ್ಲದೆ ಒಳಗೆ ನುಗ್ಗಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು, ಸಂದುಗಳಿಗೆಲ್ಲ ಪೇಪರ್ ಅಂಟಿತ್ತು. ಚಿಲಕ ಹಾಕಿ ಪೇಪರ್ ಅಂಟಿಸಿದವನು ಯಾಮಿನಿಯ ಅಪ್ಪ ನರಸಿಂಹಪ್ಪ.

ಅದನ್ನು ಅವನೇ ಒಪ್ಪಿಕೊಂಡಿದ್ದ. ಈಗ ಚಿಕ್ಕಬಳ್ಳಾಪುರದ ಜೈಲಿನಲ್ಲಿ ಗೋಡೆ ನೋಡುತ್ತ ಕೂತಿದ್ದ.

“ಮದ್ದು ಬಿಟ್ಟಿದೀವಿ, ಬಾಗ್ಲು ಭದ್ರ ಮಾಡಿ ಅಂತ ಆಫೀಸಿಂದ ಫೋನ್ ಬಂತು, ಮಾಡ್ದೆ. ಒಳಗೆ ಒಂದು ಜೀವ ಐತೆ ಅಂತ ದೇವ್ರಾಣೆ ಗೊತ್ತಿರ್ಲಿಲ್ಲ ಕಣಮ್ಮಾ.” ಕಂಬಿಯ ಆಚೆಯಿಂದ ಅಪ್ಪ ಹೇಳಿದ್ದು ಇಷ್ಟೇ. ಯಾಮಿನಿಗೆ ಅಷ್ಟು ಸಾಕಾಗಿತ್ತು.

ಬೇರೆ ಸೀಮೆಯವರಿಗೆ ಈ ಮಾತು ಕಟ್ಟುಕತೆಯಂತೆ ಕೇಳಿಸಬಹುದು. ಆದರೆ ಇದು ನರಸಿಂಹಪ್ಪನ ಹುಳದ ಮನೆ. ಶಿಡ್ಲಘಟ್ಟದ ದಾರಿಯ ಹಿಪ್ಪುನೇರಳೆ ತೋಟದ ನಡುವೆ ರೇಷ್ಮೆಹುಳು ಸಾಕಲೆಂದೇ ಕಟ್ಟಿಸಿದ್ದು. ದಪ್ಪ ಗೋಡೆ, ಸಣ್ಣ ಕಿಟಕಿ, ಬಿರುಬೇಸಿಗೆಯಲ್ಲೂ ತಂಪು. ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮೇಲೆ ಮನೆಗೆ ಮದ್ದು ಹೊಡೆದು, ಬಾಗಿಲು ಮುಚ್ಚಿ, ಗಾಳಿಯಾಡದಂತೆ ಸಂದುಗಳಿಗೆ ಪೇಪರ್ ಅಂಟಿಸಿ ಒಂದು ದಿನ ಬಿಡುವುದು ಈ ಕಡೆಯ ಪದ್ಧತಿ. ‘ಮದ್ದು’ ಎಂಬ ಮಾತು ಕಿವಿಗೆ ಬಿದ್ದರೆ ಹುಳ ಸಾಕಿದವನು ಯಾಕೆ, ಏನು ಎಂದು ಕೇಳುವುದಿಲ್ಲ. ಮೈದಾ ಅಂಟು ಕಲಸಲು ಹೋಗುತ್ತಾನೆ.

ಹುಳ ಸಾಕುವುದು ಸಾಕೆನಿಸಿದಾಗ ನರಸಿಂಹಪ್ಪ ಮನೆಯನ್ನು ರಮೇಶ್‌ಬಾಬುವಿನ ಕಂಪನಿಗೆ ಬಾಡಿಗೆಗೆ ಕೊಟ್ಟ. ಹುಳದ ತಟ್ಟೆಗಳಿದ್ದ ಕಡೆ ಸರ್ವರುಗಳು ಬಂದು ಕೂತವು, ಸ್ಟ್ಯಾಂಡಿನ ಒಂದೊಂದು ಅಂತಸ್ತಿಗೂ ತಟ್ಟೆ ಎಂಬ ಹೆಸರೇ ಉಳಿಯಿತು. ಚಿಂತಾಮಣಿ, ಗೌರಿಬಿದನೂರಿನ ನರ್ಸಿಂಗ್ ಹೋಮುಗಳು, ಹಳ್ಳಿಹಳ್ಳಿಯ ಹಾಲಿನ ಡೇರಿಗಳು, ಎಲ್ಲರ ದಾಖಲೆಗಳೂ ಇಲ್ಲಿನ ಕ್ಲೌಡಿನಲ್ಲಿ. ಕಂಪನಿಯ ಆಫೀಸು ಫೋನುಗಳು ಕೂಡ ಇದರ ಮೇಲೇ ನಡೆಯುತ್ತಿದ್ದವು. ಒಂದೊಂದು ಕರೆಯೂ ತಾನಾಗಿ ರೆಕಾರ್ಡ್ ಆಗುತ್ತಿತ್ತು.

ಆ ರೆಕಾರ್ಡ್ ಸಿಕ್ಕರೆ ಅಪ್ಪ ನಾಳೆಯೇ ಮನೆಗೆ ಎಂದಿದ್ದರು ವಕೀಲ ನಲ್ಲಪ್ಪನವರು. ನಾಳೆ ಕೋರ್ಟಿನಲ್ಲಿ ಜಾಮೀನಿನ ಅರ್ಜಿ ಇತ್ತು. ಫೋನ್ ಮಾಡಿದವನ ಧ್ವನಿ ಸಿಗದಿದ್ದರೆ ಕೊಲೆಯ ಕೇಸು ನರಸಿಂಹಪ್ಪನ ಕೊರಳಿಗೇ. ಧ್ವನಿ ಇದ್ದ ಸರ್ವರಿನ ಕತೆಯೋ, ಗಂಗಾಧರ ಸತ್ತ ಸಂಜೆಯೇ ಮುಗಿದಿತ್ತು.

“ಇನ್ನೊಂದ್ಸಲ ಹೇಳು ಕವಿತ. ಆವತ್ತು ಸಂಜೆ ಈ ಮೇಲಿನ ಸರ್ವರಿಗೆ ಏನಾಯ್ತು?”

ಯಾಮಿನಿಯ ತಂಗಿ ಕವಿತ ಗೋಡೆ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಗಂಗಾಧರನ ಕೈಕೆಳಗೆ ಕೆಲಸ ಕಲಿತವಳು, ಮುಂದಿನ ತಿಂಗಳು ಅವನ ಕೈಹಿಡಿಯಬೇಕಾಗಿದ್ದವಳು. ಆವತ್ತು ಅವಳು ಗೌರಿಬಿದನೂರಿನಲ್ಲಿ ಕೆಲಸಕ್ಕೆ ಹೋಗಿದ್ದಳು. ಬಂದಾಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಜೈಲಿಗೆ ಹೋಗಿ ಅಪ್ಪನ ಮುಖವನ್ನೂ ನೋಡಿರಲಿಲ್ಲ.

“ಒರೆಸಿ ಹೋಯ್ತು. ಮತ್ತೆ ಹೊಸದಾಗಿ ಇನ್‌ಸ್ಟಾಲ್ ಆಯ್ತು,” ಎಂದಳು ಕವಿತ. “ಗಂಗಾಧರ್ ಮಾಡಿಟ್ಟಿದ್ದ ಸಿಸ್ಟಮ್ಮೇ ಹಂಗೆ.”

ಆ ಸಿಸ್ಟಮ್ಮನ್ನು ಹೊಗಳದೆ ವಿಧಿಯಿರಲಿಲ್ಲ. ಹೊಸ ಸರ್ವರೆಂದರೆ ಬರೀ ಕಬ್ಬಿಣ. ಒಳಗೆ ಬುದ್ಧಿ ಸೊನ್ನೆ. ಅದನ್ನು ಸ್ಟ್ಯಾಂಡಿಗೆ ತಳ್ಳಿ, ಕೇಬಲ್ ಸಿಕ್ಕಿಸಿ, ಪವರ್ ಒತ್ತಿದರೆ ಮುಗಿಯಿತು. ಎದ್ದ ಕೂಡಲೇ ಅದು ‘ನಾನು ಯಾರು’ ಎಂದು ಕೇಬಲಿನಲ್ಲಿ ಕೇಳುತ್ತದೆ. ಮೂಲೆಯಲ್ಲಿ ಇನ್ನೊಂದು ಯಂತ್ರವಿದೆ, ಗಂಗಾಧರ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದ. ಕೇಳುತ್ತಿರುವವನು ಎಷ್ಟನೇ ತಟ್ಟೆಯವನು ಎಂಬುದನ್ನು ಮೇಸ್ತ್ರಿ ಕೇಬಲಿನಿಂದಲೇ ಗುರುತಿಸುತ್ತದೆ. ಆ ತಟ್ಟೆಗೆ ‘ಹೊಸದು’ ಎಂಬ ಗುರುತು ಇದ್ದರೆ ಡಿಸ್ಕನ್ನು ಸೊನ್ನೆಗಳಿಂದ ತುಂಬಿ ಸಾರಿಸಿ, ಸಾಫ್ಟ್‌ವೇರ್ ಇಳಿಸಿ, ಕೆಲಸ ಹಂಚಿ, ಕ್ಲೌಡಿಗೆ ಸೇರಿಸಿಕೊಳ್ಳುತ್ತದೆ. ಮನುಷ್ಯನ ಕೈ ಬೇಕಾಗಿಲ್ಲ. ಗುರುತು ಇಲ್ಲದಿದ್ದರೆ ಸರ್ವರು ತನ್ನ ಹಳೆಯ ನೆನಪಿನೊಡನೆ ಎದ್ದು ಕೂರುತ್ತದೆ.

ಹಳೆಯ ತಟ್ಟೆಯ ಮೇಲೆ ‘ಹೊಸದು’ ಎಂದು ಬರೆದರೆ? ಮೇಸ್ತ್ರಿ ಎದುರು ಮಾತಾಡುವುದಿಲ್ಲ. ಅದನ್ನೂ ಸಾರಿಸುತ್ತದೆ.

“ಒಂದನೇ ತಟ್ಟೆಗೆ ಹೊಸದು ಅಂತ ಗುರುತು ಹಾಕಿದ್ದು ಯಾರು?”

“ಗಂಗಾಧರನ ಹೆಸರಲ್ಲೇ ಲಾಗಿನ್ ಆಗಿದೆ,” ರಮೇಶ್‌ಬಾಬು ಕವಿತಳಿಗಿಂತ ಮುಂಚೆ ಹೇಳಿದ. “ಪಾಪ, ಬ್ಯುಸಿ ಮನುಷ್ಯ. ಸತ್ತ ಮೇಲೂ ಡ್ಯೂಟಿ ಮಾಡಿದ.”

ಹೇಳಿ ಇನ್ನೊಂದು ಕಾಯಿ ಸುಲಿದ. ಕವಿತಳ ಬೆರಳು ಕೀಬೋರ್ಡಿನ ಮೇಲೆ ಒಂದು ಕ್ಷಣ ನಿಂತು ಮತ್ತೆ ಚಲಿಸಿತು. ಯಾಮಿನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಹೊರಗೆ ಹೊಂಗೆ ಮರದ ಕೆಳಗೆ ಕಾನ್‌ಸ್ಟೇಬಲ್ ಮೋಹನ್‌ಬಾಬು ಕಾವಲಿದ್ದ. ಆವತ್ತಿನಿಂದ ಕರೆಂಟು ತೆಗೆದು ಬೀಗ ಹಾಕಿದ್ದ ಕೋಣೆಯನ್ನು ಗಿರಾಕಿಗಳ ದಾಖಲೆ ತೆಗೆದುಕೊಳ್ಳಲೆಂದು ಈ ಮಧ್ಯಾಹ್ನದ ಮಟ್ಟಿಗೆ ಪೊಲೀಸರು ಕರೆಂಟು ಕೊಟ್ಟು ತೆರೆದಿದ್ದರು. ಕೈ ಎತ್ತಿದರೆ ಅದೂ ತಪ್ಪಿಹೋಗುತ್ತಿತ್ತು.

ಯಾಮಿನಿ ಚಿಕ್ಕಬಳ್ಳಾಪುರದಲ್ಲಿ ಪತ್ತೇದಾರಿ ಏಜೆನ್ಸಿ ನಡೆಸುವವಳು. ಹೆಸರಿಗೆ ಪತ್ತೇದಾರಿ, ಮದುವೆಗೆ ಮುಂಚೆ ಗಂಡಿನ ಗುಣ ವಿಚಾರಿಸಿ ಹೇಳುವುದೇ ಮುಕ್ಕಾಲು ಕೆಲಸ. ಗಂಗಾಧರನ ಬಗ್ಗೆ ಅಪ್ಪನಿಗೆ ಒಳ್ಳೆಯ ಮಾತು ಹೇಳಿದವಳೂ ಅವಳೇ. ಹುಡುಗ ನಮ್ಮ ಜಾತಿಯವನಲ್ಲ ಎಂದು ನೆಂಟರು ಮೂಗು ಮುರಿದಾಗ ನರಸಿಂಹಪ್ಪ ಅವರ ಬಾಯಿ ಮುಚ್ಚಿಸಿ ಗಂಗಾಧರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದ್ದ. ಅಂಥ ಅಪ್ಪ ಬೇಕೆಂದೇ ಕೊಲ್ಲುತ್ತಾನೆಯೇ? ಈ ಒಂದು ಪ್ರಶ್ನೆಯೇ ಅವಳನ್ನು ಇಷ್ಟು ದೂರ ತಳ್ಳಿಕೊಂಡು ಬಂದಿತ್ತು.

ಅವಳು ಎರಡನೇ ತಟ್ಟೆಯನ್ನು ಎಳೆದಳು, ಮೂರನೆಯದನ್ನು ಎಳೆದಳು. ಎಲ್ಲವೂ ಚೊಕ್ಕ. ಒಂದರ ಮೇಲೊಂದು ಒತ್ತಾಗಿ ಕೂತ ಸರ್ವರುಗಳು. ಮೇಲಿನವನ ಬೆನ್ನು ಕೆಳಗಿನವನಿಗೆ ಕೊಡೆ. ಕೊನೆಗೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ತಳದಲ್ಲಿದ್ದ ಒಂಬತ್ತನೆಯದನ್ನು ಎಳೆದಳು.

ಅದರ ಬೆನ್ನಿನ ತುಂಬ ಬೆಳ್ಳಗೆ ಸುಣ್ಣದ ಪುಡಿ.

ಯಾಮಿನಿ ಪುಡಿ ಹತ್ತಿದ ಬೆರಳನ್ನು ಕಣ್ಣ ಹತ್ತಿರ ತಂದು ನೋಡಿದಳು. ಚಾವಣಿಯಿಂದ ಉದುರುವ ಸುಣ್ಣ ಬೀಳಬೇಕಾದ್ದು ತುದಿಯ ಸರ್ವರಿನ ಮೇಲೆ. ಮೇಲೆ ಎಂಟು ಮಂದಿಯನ್ನು ಹೊತ್ತ ಒಂಬತ್ತನೆಯದರ ಮೇಲೆ ಅದು ಬೀಳುವ ದಾರಿಯೇ ಇಲ್ಲ. ತುದಿಯದರ ಮೇಲೆ ಸುಣ್ಣವೇ ಇಲ್ಲ. ಎರಡೂ ಸರ್ವರುಗಳ ಪಕ್ಕದ ಸ್ಕ್ರೂಗಳ ತಲೆ ಈಗ ತಾನೇ ತಿರುಗಿಸಿದ ಹಾಗೆ ಮಿನುಗುತ್ತಿತ್ತು.

“ಕವಿತ, ಅಮ್ಮ ಹುಳದ ತಟ್ಟೇನ ಏನ್ ಮಾಡ್ತಿದ್ದಳು ಹೇಳು.”

“ಏನು?”

“ಮೇಲಿನ ತಟ್ಟೇಲಿ ಸೆಕೆ, ಕೆಳಗಿನ ತಟ್ಟೇಲಿ ತಂಪು. ಒಂದೇ ಕಡೆ ಇಟ್ರೆ ಮೇಲಿನ ಹುಳ ಬೇಗ ಹಣ್ಣಾಗಿ ಗೂಡು ಕಟ್ತದೆ, ಕೆಳಗಿನವು ಹಿಂದೆ ಬೀಳ್ತವೆ ಅಂತ...”

“ಮೇಲಿನ ತಟ್ಟೆ ಕೆಳಕ್ಕೆ, ಕೆಳಗಿನ ತಟ್ಟೆ ಮೇಲಕ್ಕೆ,” ಎಂದಳು ಕವಿತ. ಅವಳ ಧ್ವನಿ ಬದಲಾಗಿತ್ತು. “ಗಂಗಾಧರ್ ಮನೇಲೂ ಹಂಗೇ ಮಾಡ್ತಿದ್ರು. ತುದೀಲಿರೋ ಸರ್ವರು ಬಿಸಿ ಆಯ್ತಾ ಐತೆ, ಕೆಳಗಿಳಿಸ್ಬೇಕು ಅಂತ ಅವನೂ ಅಂತಿದ್ದ. ನಾನು ನಗಾಡ್ದೆ. ಏನ್ ರೇಷ್ಮೆಹುಳನೇನೋ ಅದು ಅಂದೆ.”

“ಇಳಿಸಿಬಿಟ್ಟಿದಾನೆ ಕಣೇ. ಸಾಯೋ ಹಿಂದಿನ ದಿನಾನೇ ಇರ್ಬೇಕು. ಮೇಸ್ತ್ರಿಗೆ ಹೇಳೋಕೆ ಮಾತ್ರ ಪುರಸೊತ್ತು ಸಿಕ್ಕಿಲ್ಲ.”

ಕಡಲೆಕಾಯಿಯ ಸದ್ದು ನಿಂತಿತು.

ಮೇಸ್ತ್ರಿಯ ಲೆಕ್ಕದಲ್ಲಿ ಫೋನಿನ ಸರ್ವರು ಈಗಲೂ ಒಂದನೇ ತಟ್ಟೆಯಲ್ಲೇ ಇತ್ತು. ಅಳಿಸಿದವನು ಅದನ್ನೇ ನಂಬಿ ಒಂದನೇ ತಟ್ಟೆಯನ್ನು ಸಾರಿಸಿದ್ದ. ಸಾರಿಸಿಹೋದದ್ದು ಯಾವುದೋ ಡೇರಿಯ ಹಳೆಯ ಹಾಲಿನ ಲೆಕ್ಕ. ಫೋನಿನ ಸರ್ವರು ಕೂದಲೂ ಕೊಂಕದೆ ಒಂಬತ್ತನೇ ತಟ್ಟೆಯಲ್ಲಿ ಮಲಗಿತ್ತು.

“ದೂರದಿಂದ ಪವರ್ ತೆಗೆಯೋ ವೈರ್ ಯಾವುದು? ಕಿತ್ತುಹಾಕು,” ಎಂದಳು ಯಾಮಿನಿ. ಕವಿತ ಎದ್ದು ಬಂದು ಹಿಂದಿನಿಂದ ಒಂದು ವೈರನ್ನು ಕಿತ್ತಳು. ಇನ್ನು ಆ ಸರ್ವರನ್ನು ಆರಿಸುವುದಾದರೂ ಹೊತ್ತಿಸುವುದಾದರೂ ಅದರ ಮೂತಿಯ ಮೇಲಿನ ಗುಂಡಿಯನ್ನು ಬೆರಳಿನಿಂದಲೇ ಒತ್ತಬೇಕು.

ಯಾಮಿನಿ ಒತ್ತಿದಳು. ಫ್ಯಾನುಗಳು ಗೊಳೋ ಎಂದು ಅಳುತ್ತ ಎದ್ದವು.

“ಚೂಡಮ್ಮಾ,” ರಮೇಶ್‌ಬಾಬು ಮೆತ್ತಗೆ ಕರೆದ. ಸಿಟ್ಟೂ ಸಲಿಗೆಯೂ ಬಂದಾಗ ಅವನ ನಾಲಿಗೆ ತೆಲುಗಿಗೆ ಜಾರುತ್ತಿತ್ತು. “ನೋಡಮ್ಮಾ. ಬೇಡ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

“ನನ್ನ ಒಳ್ಳೇದು ನಿಮಗ್ಯಾಕೆ? ಮೈ ಬೆವರ್ತಾ ಐತಲ್ಲ, ಅದನ್ನ ಒರೆಸ್ಕೊಳಿ.”

“ಬೆವರು ಹೌದು. ಭಯ ಅಲ್ಲ.”

“ನರ್ಸಿಂಗ್ ಹೋಮುಗಳಲ್ಲೆಲ್ಲ ವಿಚಾರಿಸ್ದೆ. ರೋಗಿಗಳ ದಾಖಲೇನ ನೀವು ಹೊರಗಡೆ ಮಾರ್ತಿದ್ರಿ. ಗಂಗಾಧರನಿಗೆ ಗೊತ್ತಾಯ್ತು. ಅದಕ್ಕೇ ಅನಿಲ ಬಿಟ್ರಿ. ಬಾಗಿಲು ಹಾಕೋ ಕೆಲಸ ಮಾತ್ರ ಇನ್ನೊಬ್ಬರ ಕೈಲಿ ಮಾಡಿಸಿದ್ರಿ. ಹುಳ ಸಾಕಿದ ಮುದುಕ, ಮದ್ದು ಅಂದ್ರೆ ಕಣ್ಮುಚ್ಚಿ ಅಂಟಿಸ್ತಾನೆ. ಹೌದಾ ಅಲ್ವಾ?”

“ಅದೆಲ್ಲ ಸರಿ,” ಎಂದ ರಮೇಶ್‌ಬಾಬು.

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಯಾಮಿನಿಗೆ ಹಿಡಿಸಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇವನು ಕಾಯನ್ನೇ ತಂದು ಮುಂದಿಟ್ಟಿದ್ದ.

“ಸಿಕ್ತು,” ಎಂದಳು ಕವಿತ.

ಮೊದಲು ಫೋನ್ ರಿಂಗಾಗುವ ಸದ್ದು. ಆಮೇಲೆ ರಮೇಶ್‌ಬಾಬುವಿನ ಧ್ವನಿ, ಎದುರಿಗೆ ಕೂತವನದೇ, ಸಂಶಯವೇ ಇಲ್ಲ.

“ನರಸಿಂಹಪ್ಪನೋರೇ, ಹುಳದ ಮನೇಲಿ ಮದ್ದು ಬಿಟ್ಟಿದೀನಿ. ಹೊರಗಿನ ಚಿಲಕ ಹಾಕ್ಬಿಡಿ. ಸಂದಿಗೆಲ್ಲ ಪೇಪರ್ ಅಂಟಿಸಿ. ನಾಳೆ ಬೆಳಿಗ್ಗೆ ತನಕ ತೆಗೀಬೇಡಿ.”

ಯಾಮಿನಿಯ ಕಣ್ಣಲ್ಲಿ ನೀರು ಬಂತು. ಸಂತೋಷವಾಯಿತು, ಬಾಯಿಬಿಟ್ಟು ನಗುವಷ್ಟು ಸಂತೋಷ. ಅಪ್ಪ ಹೇಳಿದ್ದು ಅಕ್ಷರಕ್ಕಕ್ಷರ ನಿಜ.

“ಸಾಕು ನಿಲ್ಸು ಕವಿತ. ಮೋಹನ್‌ಬಾಬೂನ ಕರೀತೀನಿ.”

“ಇರಿ, ಇರಿ,” ರಮೇಶ್‌ಬಾಬು ಕೈಯೆತ್ತಿದ. “ಅರ್ಧ ಊಟಕ್ಕೇ ಎಲೆ ಎತ್ತಬಾರದು. ಪೂರ್ತಿ ಕೇಳಿ.”

ಕವಿತ ನಿಲ್ಲಿಸಿರಲಿಲ್ಲ.

“ಒಳಗೆ ಗಂಗಾಧರ ಇದಾನಲ್ಲಪ್ಪಾ.” ಅದು ಅಪ್ಪನ ಧ್ವನಿ. “ಈಗ್ತಾನೆ ಕಾಫಿ ಕೊಟ್ಟು ಹೊರಗೆ ಬಂದೆ.”

“ಇದಾನೆ.”

ಆ ಕಡೆ ಚಿಲಕ ಬಿದ್ದ ಸದ್ದು. ದೂರದಲ್ಲೊಂದು ಎಮ್ಮೆ ಕೂಗಿತು. ಅದಕ್ಕಿಂತ ಹತ್ತಿರದಲ್ಲಿ ಇನ್ನೊಂದು ಸದ್ದು, ಮರದ ಮೇಲೆ ಅಂಗೈಯಿಂದ ಬಡಿಯುವ ಸದ್ದು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

“ಬಡೀತಾ ಇದಾನೆ,” ಎಂದ ಅಪ್ಪ.

“ಬೇಡ ಅಂದ್ರೆ ತೆಗೀರಿ. ಮುಂದಿನ ತಿಂಗ್ಳು ಹಸೆ ಮೇಲೆ ಕೂರ್ಸಿ, ಕಾಲು ತೊಳೀರಿ. ನನಗೇನು?”

ನರಸಿಂಹಪ್ಪ ಗಂಟಲು ಸರಿಮಾಡಿಕೊಂಡ.

“ಮನೇಲಿ ಮೈದಾ ಐತೋ ಇಲ್ವೋ ನೋಡ್ತೀನಿ ತಾಳಿ,” ಎಂದ.

ಕರೆ ಅಲ್ಲಿಗೆ ಮುಗಿಯಿತು.

ಯಾಮಿನಿ ನೆಲದ ಮೇಲೆ ಕೂತಲ್ಲೇ ಕೂತಳು. ಒಳಗಿಂದ ಬಡಿತ ಕೇಳುತ್ತಿರುವಾಗ ಮನೆಗೆ ಹೋಗಿ, ಡಬ್ಬ ತೆಗೆದು, ನೀರು ಕಾಸಿ, ಗಂಟಿಲ್ಲದ ಹಾಗೆ ಅಂಟು ಕಲಸಿಕೊಂಡು ಬಂದಿದ್ದ ಅಪ್ಪ. ಒಂದೊಂದೇ ಪೇಪರನ್ನು ನೀಟಾಗಿ ಒತ್ತಿದ್ದ. ನೆಂಟರ ಬಾಯಿ ಮುಚ್ಚಿಸಿದ್ದು, ಪಕ್ಕದಲ್ಲಿ ಕೂರಿಸಿಕೊಂಡು ಉಂಡದ್ದು ಎಲ್ಲವೂ ಆ ಒಂದು ದಿನಕ್ಕೆ ಹಾಕಿದ ಹೊಂಚು. ಎಂಥ ಹೇಸಿಗೆಯ ಮನುಷ್ಯನಿಗಾಗಿ ಅವಳು ಇಷ್ಟು ದಿನ ಊಟ ಬಿಟ್ಟಿದ್ದಳು!

“ಈಗ ನಾನು ಹೇಳೋದು ಕೇಳಿ,” ರಮೇಶ್‌ಬಾಬು ಲ್ಯಾಪ್‌ಟಾಪಿನ ಮೇಲೆ ಎರಡು ಬಾರಿ ತಟ್ಟಿದ. “ನೀವು ಕೇಳಿಸ್ಕೊತಾ ಇದ್ರಲ್ಲ, ಅಷ್ಟರಲ್ಲಿ ಒಂಬತ್ತನೇ ತಟ್ಟೆಗೆ ಹೊಸದು ಅಂತ ಗುರುತು ಹಾಕಿದೀನಿ. ಸರ್ವರು ಒಂದ್ಸಲ ಆರಿ ಹತ್ತಬೇಕು, ಅಷ್ಟೇ. ಉಳಿದದ್ದು ಮೇಸ್ತ್ರಿ ನೋಡ್ಕೊತಾನೆ.”

“ಎದ್ದು ಬಂದು ನೀವೇ ಒತ್ತಿ ನೋಡಿ,” ಯಾಮಿನಿ ಹಲ್ಲು ಕಚ್ಚಿದಳು.

“ನಾನ್ಯಾಕಮ್ಮಾ ಒತ್ಲಿ? ನನ್ನ ಕೈ ಯಾವಾಗ್ಲೂ ಚೊಕ್ಕ. ನೀವೇ ಒತ್ತಿ. ಕೋರ್ಟಲ್ಲಿ ನಾನೊಂದು ಹೇಳಿಕೆ ಕೊಡ್ತೀನಿ. ಫೋನ್ ಮಾಡಿದ್ದು ಗಂಗಾಧರನೇ ಅಂತ. ನಾನು ಹೊರಟೆ, ಒಳಗೆ ಯಾರೂ ಇಲ್ಲ, ಮದ್ದಿನ ವಾಸ್ನೆ ಐತೆ, ಬಾಗ್ಲು ಹಾಕ್ಬಿಡಿ ಮಾವ ಅಂತ ಅವನೇ ಅಂದಿದ್ದ, ನನ್ನ ಎದುರಿಗೇ ಅಂದ, ಆಮೇಲೆ ಏನೋ ಮರೆತು ಒಳಗೆ ಹೋದ ಅಂತ. ಸತ್ತವನು ಬಂದು ಇಲ್ಲ ಅಂತಾನಾ? ಆಕಸ್ಮಿಕ. ನಿಮ್ಮಪ್ಪ ನಾಳೆ ಮನೆಗೆ ಬರ್ತಾರೆ.”

“ಒತ್ತಲಿಲ್ಲ ಅಂದ್ರೆ?”

“ನಾನು ಜೈಲಿಗೆ. ಜೊತೇಲಿ ನಿಮ್ಮಪ್ಪ. ಮಗಳೇ ಸಾಕ್ಷಿ. ಶಿಡ್ಲಘಟ್ಟದಲ್ಲಿ ಗೂಡು ಹರಾಜಾಗೋ ಹೊತ್ತಿಗೆ ಈ ಸುದ್ದಿ ಚಿಂತಾಮಣಿ ದಾಟಿರತ್ತೆ. ನಿಮ್ಮನ್ನ ನಂಬಿ ಇನ್ಯಾವ ಮನೆಯೋರು ಗಂಡಿನ ಗುಣ ವಿಚಾರಿಸೋಕೆ ಬರ್ತಾರೆ? ಸ್ವಂತ ಅಪ್ಪನ ಗುಣಾನೇ ಗೊತ್ತಾಗಿಲ್ಲ ನಿಮಗೆ.”

ಯಾಮಿನಿಗೆ ತನ್ನ ಬೆರಳು ಗುಂಡಿಯ ಮೇಲಿರುವುದು ಆಗ ಗೊತ್ತಾಯಿತು. ಯಾವಾಗ ಹೋಯಿತೋ ಅವಳಿಗೇ ತಿಳಿಯದು. ಅಸಹ್ಯ ಹುಟ್ಟಿಸಿದ ಮನುಷ್ಯನೇ ಆದರೂ ಅಪ್ಪ. ಕೈ ಹಿಂದಕ್ಕೆಳೆಯಲು ಮನಸ್ಸು ಬಂತು, ಕೈ ಬರಲಿಲ್ಲ. ನಾಚಿಕೆಯಿಂದ ತಂಗಿಯ ಕಡೆ ತಿರುಗಿದಳು.

ಕವಿತ ಅವಳ ಪಕ್ಕದಲ್ಲೇ ಬಂದು ನಿಂತಿದ್ದಳು. ಮುಖದಲ್ಲಿ ಅಳುವಿಲ್ಲ, ಸಿಟ್ಟಿಲ್ಲ.

“ಒತ್ತಕ್ಕ,” ಎಂದಳು.

“ಏನೇ?”

“ಒತ್ತು ಅಂದೆ. ಜೈಲಿಗೆ ಹೋದ್ರೆ ಏನಾಯ್ತದೆ ಅಪ್ಪಂಗೆ? ಹೊತ್ತೊತ್ತಿಗೆ ಊಟ, ಮಲಗಾಕೆ ಜಾಗ, ಕಾಯಿಲೆ ಆದ್ರೆ ಡಾಕ್ಟ್ರು. ಅಲ್ಲಿ ಅಪ್ಪ ನನ್ನ ಕೈಗೆ ಸಿಗಲ್ಲ.”

“ಕವಿತಾ...”

“ನಾಳೆ ಬಿಡಿಸ್ಕೊಂಡು ಬಾ. ಮನೆಗೇ ಕರ್ಕೊಂಡು ಬಾ. ನಾನೇ ಅಡುಗೆ ಮಾಡ್ತೀನಿ, ನಾನೇ ಬಡಿಸ್ತೀನಿ.”

ರಮೇಶ್‌ಬಾಬು ನಗಲು ಹೋದ. ಕವಿತ ಅವನ ಕಡೆ ತಿರುಗಿದಳು.

“ನೀವೂ ಬರ್ಬೇಕು ಸಾರ್ ಊಟಕ್ಕೆ. ಅಷ್ಟು ದೊಡ್ಡ ಹೇಳಿಕೆ ಕೊಡ್ತೀರಂತೆ. ಬರ್ದೆ ಇದ್ರೆ ನಾನೇ ನಿಮ್ಮನೆಗೆ ತಂದು ಕೊಡ್ತೀನಿ.”

ಅವನ ಬಾಯಿ ತೆರೆದೇ ಇತ್ತು, ನಗು ಹೊರಗೆ ಬರಲಿಲ್ಲ. “ಏ, ಬೇಡಮ್ಮಾ, ತಾಳು, ಗುರುತು ತೆಗೀತೀನಿ,” ಎಂದು ತಡವರಿಸುತ್ತ ಲ್ಯಾಪ್‌ಟಾಪಿನ ಕಡೆ ಬಗ್ಗಿದ. ತೊಡೆಯ ಮೇಲಿದ್ದ ಅದು ಜಾರಿ ನೆಲಕ್ಕೆ ಬಿತ್ತು. ಪರದೆ ಕಪ್ಪಾಯಿತು.

ಕವಿತ ಬಗ್ಗಿ ಅಕ್ಕನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿ ಹಿಡಿದಳು. ಯಾಮಿನಿ ಕೊಸರಾಡಿದಳು, ಕವಿತ ಬಿಡಲಿಲ್ಲ. ಫ್ಯಾನುಗಳ ಸದ್ದು ಇಳಿಯಿತು, ಇನ್ನೂ ಇಳಿಯಿತು, ಪೂರ್ತಿ ನಿಂತಿತು. ಹಸಿರು ದೀಪ ಆರಿತು. ‘ಹೊಸದು’ ಎಂಬ ಗುರುತು ಹಾಗೇ ಇತ್ತು, ಇನ್ನು ಹತ್ತಿಸಿದರೆ ಧ್ವನಿ ಅಳಿಯುತ್ತದೆ, ಹತ್ತಿಸದಿದ್ದರೆ ಉಳಿಯುತ್ತದೆ.

ಹೊರಗಿನಿಂದ ಮೋಹನ್‌ಬಾಬು ಕೂಗಿದ. “ಏನ್ರಮ್ಮಾ ಅದು ಸದ್ದು? ಆಯ್ತಾ ನಿಮ್ ಕೆಲ್ಸ? ಒಳಗೆ ಬರ್ಲಾ?”

ಕವಿತ ಅಕ್ಕನ ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

“ಆರ್ಸಿದ್ದು ನಾನು,” ಎಂದಳು. “ಹತ್ಸೋದು ನೀನು.”